ಗುಳೆ ಹೋದವರ ಮನೆಯಲ್ಲಿ ಉಳಿದವರು

(ವಿಶ್ವ ಜನಸಂಖ್ಯಾ ದಿನದಂದು ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಆಡಿದ ಮಾತು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಲ್ಲಿ ನಿವೃತ್ತರು ಕೂತಿದ್ದೀರಿ. ಹಿಂದೆ ಡಿಗ್ರಿ ಹುಡುಗರು, ಹಾಜರಿಗಾಗಿ ಬಂದವರು. ಇರಲಿ, ನಾನೂ ಹಾಗೇ ಕೂತವನೇ. ಆದರೆ ನಡುವಿನ ಕುರ್ಚಿಗಳು ಖಾಲಿ ಇವೆ, ನೋಡಿದ್ರಾ? ಅಲ್ಲಿ ಕೂರಬೇಕಾದ ಮೂವತ್ತು, ನಲವತ್ತರ ವಯಸ್ಸಿನವರು ಗದ್ದೆಯಲ್ಲೋ ಅಂಗಡಿಯಲ್ಲೋ ಬೆಂಗಳೂರಿನ ಸೆಂಟ್ರಿಂಗ್ ಕೆಲಸದಲ್ಲೋ ಇದ್ದಾರೆ. ನಾನು ಇವತ್ತು ಮಾತಾಡೋದು ಹೆಚ್ಚು ಕಡಿಮೆ ಈ ಖಾಲಿ ಕುರ್ಚಿಗಳ ಬಗ್ಗೆಯೇ.

ಜುಲೈ 11 ಯಾಕೆ ಅಂದರೆ, 1987ರಲ್ಲಿ ಆ ದಿನಕ್ಕೆ ಜಗತ್ತಿನ ಜನ 500 ಕೋಟಿ ಆದರು ಅಂತ ಲೆಕ್ಕ ಹಾಕಿದ್ದರು. ನಾವೆಲ್ಲ ಆಗ ‘ಜನಸಂಖ್ಯಾ ಸ್ಫೋಟ’ ಅಂತ ಪ್ರಬಂಧ ಬರೆದು, ಪಕ್ಕದಲ್ಲಿ ಒಂದು ಬಾಂಬಿನ ಚಿತ್ರ ಬಿಡಿಸುತ್ತಿದ್ದೆವು. 2022ರ ನವೆಂಬರ್ 15ಕ್ಕೆ 800 ಕೋಟಿ ಆಯಿತು. ಮರುವರ್ಷವೇ ನಾವು ಚೀನಾವನ್ನು ಹಿಂದೆ ಹಾಕಿದೆವು. ಬಾಂಬು ಸಿಡಿದೇ ಬಿಟ್ಟಿತು ಅನಿಸುತ್ತದೆ. ಆದರೆ ಹಂಗಲ್ಲ. 1960ರ ದಶಕದಲ್ಲಿ ಜಗತ್ತಿನ ಜನಸಂಖ್ಯೆ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುತ್ತಿತ್ತು. ಈಗ ಶೇ 1ಕ್ಕಿಂತ ಕಡಿಮೆ. ಆಗ ಒಬ್ಬ ಹೆಂಗಸಿಗೆ ಸರಾಸರಿ ಐದು ಮಕ್ಕಳು, ಈಗ ಎರಡರ ಮೇಲೆ ಸ್ವಲ್ಪ. ವಿಶ್ವಸಂಸ್ಥೆ 2024ರಲ್ಲಿ ಹಾಕಿದ ಅಂದಾಜಿನ ಪ್ರಕಾರ 2080ರ ದಶಕದ ನಡುವೆ ಸುಮಾರು 1030 ಕೋಟಿಗೆ ಹೋಗಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ.

ಮಕ್ಕಳು ಕಡಿಮೆ ಆದರೂ ಯಾಕೆ ಇನ್ನೂ ಏರುತ್ತಿದೆ ಅಂತ ಕೇಳಬಹುದು. ನಮ್ಮ ಮನೆಯದೇ ಹೇಳ್ತೀನಿ. ನಮ್ಮವ್ವನಿಗೆ ನಾವು ಆರು ಜನ. ಆರೂ ಜನ ಎರಡೆರಡಕ್ಕೇ ನಿಲ್ಲಿಸಿದೆವು, ಸರ್ಕಾರ ಹೇಳಿದ ಹಾಗೆ. ಆದರೂ ಹನ್ನೆರಡು ಮೊಮ್ಮಕ್ಕಳಾದವು. ಮೇಲಾಗಿ ಅವ್ವನೂ ತೊಂಬತ್ತರ ತನಕ ಇದ್ದಳು. ಅಷ್ಟೇ ಗುಟ್ಟು. ಏರಿಕೆ ಇರೋದು ತೊಟ್ಟಿಲಲ್ಲಿ ಅಲ್ಲ, ಹಿಂದೆ ಹುಟ್ಟಿದವರು ಸಾಯದೆ ಉಳಿದು, ತಾವೂ ಹೆರುವ ವಯಸ್ಸಿಗೆ ಬಂದದ್ದರಲ್ಲಿ.

ಗೋಡೆ ಮೇಲೆ ಬರೆಯುತ್ತಿದ್ದರಲ್ಲ, ‘ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ’ ಅಂತ? ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ? ಅದಕ್ಕೂ ಎಷ್ಟೋ ಮೊದಲು, 1930ರಲ್ಲೇ, ಮೈಸೂರು ಸಂಸ್ಥಾನ ಸರ್ಕಾರಿ ಖರ್ಚಿನಲ್ಲಿ ಗರ್ಭನಿರೋಧದ ಕ್ಲಿನಿಕ್ ತೆರೆದಿತ್ತು. ನಮಗೆ ಅದು ಬರಲಿಲ್ಲ ಬಿಡಿ. ರಾಯಚೂರು, ಕೊಪ್ಪಳ ಆಗ ನಿಜಾಮರ ಕಡೆ, ಬಳ್ಳಾರಿ ಮದ್ರಾಸಿನ ಕಡೆ. ಇವತ್ತಿಗೂ ಆ ಅಂತರ ಪೂರ್ತಿ ಹೋಗಿಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶಕ್ಕೆ ಸರಾಸರಿ 2.0 ಮಕ್ಕಳು, ಕರ್ನಾಟಕಕ್ಕೆ 1.7. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ 2.1 ಬೇಕು. ಅಂದರೆ ರಾಜ್ಯ ಆಗಲೇ ಇಳಿಜಾರಿಗೆ ಬಿದ್ದಿದೆ. ನಮ್ಮ ಭಾಗದಲ್ಲಿ ಬಾಲ್ಯವಿವಾಹ ಜಾಸ್ತಿ, ಮಕ್ಕಳೂ ಕರಾವಳಿಗಿಂತ ಜಾಸ್ತಿ. ಹಾಗಾಗಿ ‘ನಮ್ಮದು ಎಳೆಯರ ಜಿಲ್ಲೆ, ಮುಪ್ಪಿನ ಸಮಸ್ಯೆ ಜಪಾನಿನವರದ್ದು’ ಅಂತ ನಮ್ಮ ಅಧಿಕಾರಿಗಳೂ ನಾವೂ ಆರಾಮಾಗಿ ಕೂತಿದ್ದೇವೆ.

ಜಪಾನಿನಲ್ಲಿ ನೂರರಲ್ಲಿ ಹೆಚ್ಚು ಕಡಿಮೆ 29 ಜನ 65 ದಾಟಿದವರು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಒಂದೂ ಇಲ್ಲ! ಅಲ್ಲಿನ ಸರ್ಕಾರ ವರ್ಷಗಟ್ಟಲೆ ದುಡ್ಡು ಸುರಿದರೂ ತೊಟ್ಟಿಲು ತುಂಬಲಿಲ್ಲ. ಚೀನಾದ ಜನಸಂಖ್ಯೆ 2022ರಿಂದ ಇಳಿಯುತ್ತಿದೆ. ಇದರಲ್ಲಿ ನನಗೆ ಹೆದರಿಕೆ ಹುಟ್ಟಿಸೋದು ವೇಗ. 65 ದಾಟಿದವರು ನೂರಕ್ಕೆ 7 ಇದ್ದದ್ದು 14 ಆಗಲು ಫ್ರಾನ್ಸಿಗೆ ಸುಮಾರು 115 ವರ್ಷ ಸಿಕ್ಕಿತು. ಪಿಂಚಣಿ, ಆಸ್ಪತ್ರೆ, ದಾದಿಯರು, ಎಲ್ಲ ನಿಧಾನಕ್ಕೆ ಕಟ್ಟಿಕೊಂಡರು. ಜಪಾನಿಗೆ ಸಿಕ್ಕಿದ್ದು 24 ವರ್ಷ, ಆದರೆ ಅವರ ಕೈಯಲ್ಲಿ ದುಡ್ಡಿತ್ತು. ನಮ್ಮಲ್ಲಿ 2011ರಲ್ಲಿ 60 ದಾಟಿದವರು 10.4 ಕೋಟಿ, ನೂರಕ್ಕೆ 8.6. 2050ರ ಹೊತ್ತಿಗೆ ಐದರಲ್ಲಿ ಒಬ್ಬರು. ಹಿಂದಿನ ಸಾಲಿನ ಹುಡುಗರೇ, ಆ ಒಬ್ಬರು ಯಾರು ಅಂತ ಆ ಕಡೆ ಈ ಕಡೆ ನೋಡಬೇಡಿ. ಅಲ್ಲಿಂದ ಇನ್ನೊಂದು ಹದಿನೈದು ವರ್ಷ ಕಳೆದರೆ ನೀವೇ.

ಈಗ ನಮ್ಮ ಕಡೆಗೆ ಬರೋಣ. ದೇವದುರ್ಗ, ಲಿಂಗಸುಗೂರು, ಮಸ್ಕಿ, ಆಚೆ ಕುಷ್ಟಗಿ. ಸುಗ್ಗಿ ಮುಗಿದ ಮೇಲೆ ಅಲ್ಲಿನ ಯಾವುದಾದರೂ ತಾಂಡಾಕ್ಕೋ ಒಣ ಬೇಸಾಯದ ಹಳ್ಳಿಗೋ ಹೋಗಿ ನೋಡಿ. ಬೀಗ ಹಾಕಿದ ಮನೆಗಳು. ಬೀಗ ಇಲ್ಲದ ಕಡೆ ಕಟ್ಟೆ ಮೇಲೆ ಒಬ್ಬ ಮುದುಕಿ, ಎರಡು ಮೊಮ್ಮಕ್ಕಳು. ದುಡಿಯೋರೆಲ್ಲ ಕೂಲಿ ಹುಡುಕಿ ಗುಳೆ ಹೋಗಿದ್ದಾರೆ. ಜಿಲ್ಲೆಯ ಅಂಕಿ ನೋಡಿದರೆ ಎಳೆಯ ಜಿಲ್ಲೆ, ಓಣಿ ನೋಡಿದರೆ ಜಪಾನಿನ ಹಳ್ಳಿ! ಮುಪ್ಪು ಬರೀ ಹೆರಿಗೆ ಕಮ್ಮಿಯಾದಾಗ ಬರೋದಲ್ಲ, ದುಡಿಯೋ ಮಕ್ಕಳು ಬಸ್ಸು ಹತ್ತಿದ ರಾತ್ರಿಯೇ ಊರಿಗೆ ಮುಪ್ಪು ಬಂದುಬಿಡುತ್ತದೆ.

ಇದು ನಮ್ಮೊಬ್ಬರ ಕಥೆ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಮುದುಕರನ್ನು ನೋಡಿಕೊಳ್ಳೋರಿಲ್ಲ, ಅವರು ಕೇರಳ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದಾರೆ. ಜಪಾನ್ ಕೂಡ ಹೊರಗಿನ ಕೆಲಸಗಾರರಿಗೆ 2019ರಿಂದ ಹೊಸ ವೀಸಾ ಕೊಡುತ್ತಿದೆ. ಮುದುಕಾದ ಶ್ರೀಮಂತ ದೇಶ ಬಡ ದೇಶದ ಎಳೆಯರನ್ನು ಎಳೆಯುತ್ತದೆ, ಬೆಂಗಳೂರು ಮಸ್ಕಿಯನ್ನು ಎಳೆಯುವ ಹಾಗೆ. ಅದೂ ಗುಳೆಯೇ, ವಿಮಾನದ ಗುಳೆ. ಜರ್ಮನಿಯ ಅಜ್ಜಿಗೆ ಊಟ ಮಾಡಿಸುತ್ತಿರುವ ಆ ಹುಡುಗಿಯ ತಾಯಿಗೆ ಕೊಟ್ಟಾಯಂನಲ್ಲಿ ಯಾರು ಊಟ ಮಾಡಿಸ್ತಾರೆ? ಈ ಪ್ರಶ್ನೆಯನ್ನು ಯಾವ ಒಪ್ಪಂದದಲ್ಲೂ ಬರೆದಿರೋದಿಲ್ಲ.

ಹೋಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಸಿಂಧನೂರೇ ಬಂದವರಿಂದ ಬೆಳೆದ ಊರು. ತುಂಗಭದ್ರಾ ನೀರು ಹರಿದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳು, ಆಮೇಲೆ ಬಂಗಾಲಿ ಕ್ಯಾಂಪುಗಳು, ಇವನ್ನೆಲ್ಲ ಬಿಟ್ಟರೆ ಇಲ್ಲಿನ ಭತ್ತ ಎಲ್ಲಿತ್ತು? ನಾನು ಕೇಳೋದು ಉಳಿದವರ ಬಗ್ಗೆ ಮಾತ್ರ.

ಉಳಿದವರಲ್ಲಿ ಹೆಚ್ಚಿನವರು ಹೆಂಗಸರು. ಲೆಕ್ಕ ಸುಲಭ: ಗಂಡ ಆರೆಂಟು ವರ್ಷ ದೊಡ್ಡವನು, ಹೆಂಡತಿ ಬದುಕೋದು ಜಾಸ್ತಿ ವರ್ಷ. ಹಾಗಾಗಿ ಕೊನೆಯ ಹತ್ತು ಹದಿನೈದು ವರ್ಷ ಆಕೆ ಒಬ್ಬಳೇ. ಹೊಲ ಅವಳ ಹೆಸರಲ್ಲಿಲ್ಲ. ಮುದುಕರ ಪಗಾರ, ಅಂದರೆ ವೃದ್ಧಾಪ್ಯ ವೇತನ, 65 ದಾಟಿದವರಿಗೆ ತಿಂಗಳಿಗೆ 1200. ಅದರಲ್ಲಿ 80 ತುಂಬದವರಿಗೆ ಕೇಂದ್ರದ ಪಾಲು ಎಷ್ಟು ಗೊತ್ತಾ? 200. ಎಷ್ಟೋ ವರ್ಷದಿಂದ ಅಷ್ಟೇ. ಅದೇ ಮುದುಕಿ ರೇಷನ್ ಕಾರ್ಡಿನಲ್ಲಿ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿಯ 2000 ಬರುತ್ತದೆ. ಮುದುಕಿ ಅಂತ 1200, ಯಜಮಾನಿ ಅಂತ 2000! ಕಾರ್ಡಿನಲ್ಲಿ ಯಾರ ಹೆಸರು ಮೊದಲು ಅಂತ ಅತ್ತೆ ಸೊಸೆ ಜಗಳ ಆದದ್ದನ್ನು ನೀವೂ ನೋಡಿದ್ದೀರಿ. ನಾನು ಮಾತ್ರ ಆ ಜಗಳದಲ್ಲಿ ಅತ್ತೆಯ ಪಕ್ಷ.

ನಮ್ಮ ಚಿಗವ್ವ ಐವತ್ತು ವರ್ಷ ಹತ್ತಿ ಬಿಡಿಸಿದವಳು, ಕಳೆ ಕಿತ್ತವಳು. ಪಗಾರ ಬಿಡಿಸೋಕೆ ಅಂತ ಕರೆದುಕೊಂಡು ಹೋದೆ. ಹೆಬ್ಬೆಟ್ಟು ಒತ್ತಿದಳು, ಮಷಿನ್ ಒಪ್ಪಲಿಲ್ಲ. ಒರೆಸಿ ಒತ್ತಿದಳು, ಒಪ್ಪಲಿಲ್ಲ. ಹತ್ತೂ ಬೆರಳು ಆದವು. ಗೆರೆಗಳೇ ಸವೆದಿದ್ದವು. ಕೌಂಟರಿನ ಹುಡುಗ ಪಾಪ ಒಳ್ಳೆಯವನೇ, ‘ನಾಳೆ ಬನ್ರೀ ಅಜ್ಜಿ’ ಅಂದ. ಮೂರು ಸಲ ಹೋದೆವು, ಪ್ರತಿ ಸಲ ಹದಿನಾಲ್ಕು ಕಿಲೋಮೀಟರ್. ‘ನಾನು ನಾನಲ್ಲ ಅಂತ ಹೇಳ್ತದಲ್ಲೋ ಅದು’ ಅಂತ ಚಿಗವ್ವ ನಕ್ಕಳು. ನನಗೆ ನಗು ಬರಲಿಲ್ಲ. ದುಡಿದೇ ಬೆರಳು ಸವೆದದ್ದು, ಸವೆದದ್ದಕ್ಕೇ ದುಡ್ಡಿಲ್ಲ!

‘ನಮ್ಮ ಸಂಸ್ಕೃತಿಯಲ್ಲಿ ತಂದೆ ತಾಯಿಯನ್ನು ನೋಡಿಕೊಳ್ತಾರೆ, ಅದೆಲ್ಲ ಪಶ್ಚಿಮದವರ ಸಮಸ್ಯೆ’ ಅಂತ ಇಂಥ ಸಭೆಗಳಲ್ಲಿ ಯಾರಾದರೊಬ್ಬರು ಹೇಳೇ ಹೇಳ್ತಾರೆ. ಹೊಳೆಯ ಆಚೆ, ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನ ಇದೆ. ತಾಯಿ ತಂದೆಯ ಮಾತು ಕೇಳಬೇಕು, ಹಿರಿಯರಿಗೆ ವಿಧೇಯರಾಗಿರಬೇಕು ಅಂತ ಬಂಡೆ ಮೇಲೆ ಕೆತ್ತಿಸಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷ ದಾಟಿತು. ಎಲ್ಲರೂ ಮಾಡ್ತಿದ್ದರೆ ರಾಜ ಯಾಕೆ ಕೆತ್ತಿಸ್ತಿದ್ದ ಹೇಳಿ? 2007ರಲ್ಲಿ ಅದನ್ನೇ ಮತ್ತೆ ಕಾನೂನು ಮಾಡಿದರು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567 ಕೂಡ ಇದೆ, ಬರೆದುಕೊಳ್ಳಿ. ಆದರೆ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಮಲಗೋ ಮಗನ ಮೇಲೆ ಯಾವ ತಾಯಿ ಅರ್ಜಿ ಹಾಕ್ತಾಳೆ? ಅವನು ಕೆಟ್ಟವನಲ್ಲ. ಅವನಿಗೆ ಇಲ್ಲಿ ಕೆಲಸ ಇಲ್ಲ.

ಈಗ ಹೊಸ ಗಾಳಿ ಒಂದು ಬೀಸ್ತಿದೆ, ಜಾಸ್ತಿ ಹೆರಿ ಅಂತ. ಪಕ್ಕದ ಆಂಧ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದು ಅನ್ನೋ ನಿಯಮವನ್ನು 2024ರಲ್ಲಿ ತೆಗೆದುಹಾಕಿದರು. ನಿಯಮ ಹೋದದ್ದು ಒಳ್ಳೆಯದೇ. ಆದರೆ ‘ಹೆರಿ’ ಅನ್ನೋರಲ್ಲಿ ಹೆಚ್ಚಿನವರು ಗಂಡಸರು. ಮೊದಲು ‘ಸಾಕು ಮಾಡಿ’ ಅಂತ ಆಪರೇಷನ್ ಕ್ಯಾಂಪಿಗೆ ಕರೆದುಕೊಂಡು ಹೋದದ್ದೂ ಹೆಂಗಸನ್ನೇ, ಈಗ ‘ಇನ್ನೊಂದು’ ಅಂತ ಕೇಳೋದೂ ಅವಳನ್ನೇ. ಇವತ್ತು ಹುಟ್ಟಿದ ಮಗು ದುಡಿಯೋಕೆ ಇಪ್ಪತ್ತು ವರ್ಷ ಬೇಕು. ಚಿಗವ್ವನಿಗೆ ನಾಳೆ ಬಿಪಿ ಮಾತ್ರೆ ಬೇಕು.

ಕೊನೆಗೆ ಒಂದು ಕೆಲಸದ ಮಾತು. ಜನಗಣತಿಗೆ 2027ರ ಮಾರ್ಚ್ 1 ಅನ್ನು ಲೆಕ್ಕದ ದಿನ ಅಂತ ಗೊತ್ತು ಮಾಡಿದ್ದಾರೆ. ಅಂದರೆ ತಲೆ ಎಣಿಸೋದು ಫೆಬ್ರವರಿಯಲ್ಲಿ, ಸರಿಯಾಗಿ ಗುಳೆಯ ಹೊತ್ತಿಗೆ. ಇಲ್ಲಿರುವ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಎಣಿಸೋಕೆ ಹೋಗ್ತೀರಿ. ತಾಂಡಾದ ಒಂದು ಮನೆಯಲ್ಲಿ ಮುದುಕಿ ಒಬ್ಬಳೇ ಕೂತಿರ್ತಾಳೆ. ‘ಮನೆಯಲ್ಲಿ ಎಷ್ಟು ಜನ?’ ಅಂತ ಕೇಳ್ತೀರಿ. ಆಕೆ ಮಗ, ಸೊಸೆ ಎಲ್ಲರನ್ನೂ ಸೇರಿಸಿ ‘ಏಳು’ ಅನ್ನಬಹುದು. ಅಲ್ಲೇ ಎದ್ದು ಹೋಗಬೇಡಿ. ಆ ಏಳರಲ್ಲಿ ಈಗ ಇಲ್ಲಿ ಇರೋರು ಎಷ್ಟು, ರಾತ್ರಿ ಜ್ವರ ಬಂದರೆ ನೀರು ಕೊಡೋರು ಯಾರು ಅಂತಲೂ ಕೇಳಿ. ಫಾರ್ಮಿನಲ್ಲಿ ಆ ಪ್ರಶ್ನೆಗೆ ಕಾಲಂ ಇರೋದಿಲ್ಲ, ನಿಮ್ಮದೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅದನ್ನು ತೆಗೆದುಕೊಂಡು ನಿಮ್ಮ ಪಂಚಾಯ್ತಿಗೆ ಹೋಗೋಣ, ನಾನೂ ಬರ್ತೀನಿ.