ಮುದ್ದೆ ಪರೀಕ್ಷೆ

ಕೇಳುಗರಿಗೆ ನಮಸ್ಕಾರ. ಚಾಮರಾಜಪೇಟೆಯಲ್ಲಿ ನನ್ನದೊಂದು ಪುಟ್ಟ ಪ್ರಕಾಶನ ಇದೆ. ಮಕ್ಕಳ ಪುಸ್ತಕ, ಅಡುಗೆ ಪುಸ್ತಕ, ದುಡ್ಡು ಮಿಕ್ಕಿದ ವರ್ಷ ಒಂದು ಕಥಾ ಸಂಕಲನ. ಬರೆಯುವವರು ಬೇಕು ಅಂತ ನಾಲ್ಕು ಜನರ ಕಿವಿಗೆ ಹಾಕಿದರೆ ಸಾಕು, ಎರಡು ಥರದ ಅರ್ಜಿ ಬರುತ್ತವೆ. ಒಂದರಲ್ಲಿ ಎಂ.ಎ., ಪಿಎಚ್.ಡಿ., ಚಿನ್ನದ ಪದಕ. ಇನ್ನೊಂದರಲ್ಲಿ 20 ವರ್ಷದ ಅನುಭವ. ಯಾರನ್ನು ಒಳಗೆ ಕರೆಯುವುದು ಹೇಳಿ?

ಪದವಿ ಬೇಕೇ ಬೇಕು ಅನ್ನುವವರಿಗೆ ನಾನು ತೋರಿಸುವುದು ಡಿ.ವಿ.ಜಿ. ಅವರನ್ನು. ಗಾಂಧಿ ಬಜಾರಿನ ಕಡೆ ಹೋದವರೆಲ್ಲ ಅವರ ಹೆಸರಿನ ರಸ್ತೆಯಲ್ಲಿ ನಡೆದಿರುತ್ತೀರಿ. ಮೆಟ್ರಿಕ್ಯುಲೇಷನ್ ದಾಟದ ಮನುಷ್ಯ. ಪತ್ರಿಕೆಗಳಲ್ಲಿ ದುಡಿದು, ಓದಿ, ಬರೆದು, 1943ರಲ್ಲಿ ಕಗ್ಗ ಕೊಟ್ಟರು. ಕೊನೆಗೆ ಮೈಸೂರು ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದಕ್ಕೂ ಹಿಂದೆ ಮುದ್ದಣ ಇದ್ದ, ಉಡುಪಿ ಕಡೆಯ ಡ್ರಿಲ್ ಮೇಷ್ಟ್ರು. ಕವಾಯತು ಮಾಡಿಸುವವನು ಕಾವ್ಯ ಬರೆದ ಅಂದರೆ ಯಾರು ನಂಬುತ್ತಾರೆ ಅನ್ನುವ ಅಳುಕೋ ಏನೋ, ತಾನೇ ಬರೆದದ್ದನ್ನು ಯಾವುದೋ ಹಳೆಯ ಕವಿಯದು ಅನ್ನುವಂತೆ ಮೈಸೂರಿಗೆ ಕಳಿಸಿದ. ಅಲ್ಲಿ ಅದು ಅಚ್ಚಾಯಿತು. ಪದ್ಯ ಗದ್ಯ ಎಲ್ಲ ಅವನದೇ, ಹೆಸರು ಮಾತ್ರ ಬೇರೆ!

ಹಾಗಂತ ಓದಿದವರನ್ನು ಹೀಯಾಳಿಸುವ ಚಟ ನನಗಿಲ್ಲ. ಕುವೆಂಪು ಎಂ.ಎ. ಮಾಡಿ, ಪಾಠ ಹೇಳಿ, ಉಪಕುಲಪತಿಯೂ ಆದವರು. ನಮ್ಮ ಗವಿಪುರದ ಮಾಸ್ತಿಯವರು ಮದ್ರಾಸಿನ ಎಂ.ಎ., ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ತಿರುಗಿದರು. ಅವರ ಕಥೆಗೆ ಒದಗಿದ್ದು ಪದವಿಯೋ, ತಿರುಗಾಟವೋ? ಬೇರೆ ಮಾಡಿ ತೋರಿಸಿ ನೋಡೋಣ.

ಅದಕ್ಕೇ ನಾನು ಅರ್ಜಿ ಓದುವುದನ್ನು ಬಿಟ್ಟೆ. ಬಂದವರಿಗೆ ಒಂದು ಹಾಳೆ ಕೊಡುತ್ತೇನೆ. ರಾಗಿ ಮುದ್ದೆ ಮಾಡುವುದು ಹೇಗೆ, ಒಂದು ಸಲವೂ ಮಾಡದವರಿಗೆ ತಿಳಿಯುವಂತೆ ಹತ್ತು ಸಾಲು ಬರೀರಿ ಅನ್ನುತ್ತೇನೆ. ಅಷ್ಟೇ.

ಕಳೆದ ಸಲ ಇಬ್ಬರು ಬಂದಿದ್ದರು. 20 ವರ್ಷ ಸುದ್ದಿ ಬರೆದ ಹಿರಿಯರು ಒಬ್ಬರು, ಐದೇ ನಿಮಿಷದಲ್ಲಿ ಮುಗಿಸಿದರು. "ಮೊದಲಿಗೆ ಮುದ್ದೆ ತಯಾರಿಕಾ ಕಾರ್ಯವನ್ನು ಕೈಗೆತ್ತಿಕೊಳ್ಳತಕ್ಕದ್ದು." ನೀರು ಎಷ್ಟು ಅಂತ ಕೇಳಿದೆ. "ಅದೆಲ್ಲ ಎಲ್ಲರಿಗೂ ಗೊತ್ತಿರುತ್ತೆ ಸಾರ್" ಅಂದರು. ಗೊತ್ತಿರುವವರು ಪುಸ್ತಕ ಯಾಕೆ ಕೊಳ್ಳುತ್ತಾರೆ?

ಇನ್ನೊಬ್ಬ ಹುಡುಗ, ಕನ್ನಡದಲ್ಲಿ ಪಿಎಚ್.ಡಿ. ಅವನ ಹತ್ತು ಸಾಲಿನಲ್ಲಿ ಎಂಟು ಸಾಲು ರಾಗಿಯ ಹಿರಿಮೆ. ಅವನನ್ನೂ ಅದೇ ಕೇಳಿದೆ, ನೀರು ಎಷ್ಟಪ್ಪಾ ಅಂತ. ಅವನು ಸ್ವಲ್ಪ ಹೊತ್ತು ಹಾಳೆ ನೋಡಿದ. "ಗೊತ್ತಿಲ್ಲ ಸಾರ್, ನಾಳೆ ತರಲಾ?" ಅಂದ.

ತಂದ. ರಾತ್ರಿ ಅಮ್ಮನ ಜೊತೆ ಒಲೆ ಮುಂದೆ ನಿಂತಿದ್ದನಂತೆ, ತೋರುಬೆರಳಿಗೆ ಬರ್ನಾಲ್ ಹಚ್ಚಿತ್ತು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಅಂತ ಶುರುವಾಗಿತ್ತು. ಹಿಟ್ಟು ಸುರಿದ ಮೇಲೆ ಕೋಲು ಮುಟ್ಟಬೇಡಿ, ನೀರು ಅದರ ಮೇಲೆ ಉಕ್ಕಿ ಬರಲಿ, ಉರಿ ಸಣ್ಣ ಮಾಡಿ ಸುಮ್ನೆ ನಿಂತಿರಿ, ಈ ಜಾಗದಲ್ಲೇ ಎಲ್ಲರೂ ಅವಸರ ಮಾಡಿ ಗಂಟು ಮಾಡಿಕೊಳ್ಳೋದು ಅಂತ ಬರೆದಿದ್ದ. ಒದ್ದೆ ಬೆರಳಲ್ಲಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ, ಆದರೆ ಬೆರಳನ್ನು ಅಲ್ಲೇ ಇಟ್ಟುಕೊಂಡಿರಬೇಡಿ ಅಂತ ಕೊನೆಯ ಸಾಲು. ಆ ಸಾಲಿಗೆ ನಾನು ಜೋರಾಗಿ ನಕ್ಕೆ. ಅದು ಅವನ ಪದವಿಯೂ ಅಲ್ಲ, ಅನುಭವ ಅನ್ನೋಣ ಅಂದರೆ ಒಂದೇ ರಾತ್ರಿಯದು, ಅಲ್ವಾ?

ಕೆಲಸ ಅವನಿಗೇ ಕೊಟ್ಟೆ. ಹಾಳೆ ಹಾಗೇ ಪುಸ್ತಕಕ್ಕೆ ಹೋಯಿತು. ಮೊನ್ನೆ ಭಾನುವಾರ ಅದನ್ನು ಎದುರಿಗಿಟ್ಟುಕೊಂಡು ನಮ್ಮ ಮಗ ಮೊದಲ ಸಲ ಮುದ್ದೆ ತೊಳಸಿದ, ಒಂದು ಗಂಟೂ ಇಲ್ಲ. ಸೊಪ್ಪಿನ ಸಾರಿಗೆ ಮಾತ್ರ ಉಪ್ಪು ಜಾಸ್ತಿ ಆಗಿತ್ತು. ಅದನ್ನು ಮಾಡಿದ್ದು 20 ವರ್ಷದಿಂದ ಅಡುಗೆ ಪುಸ್ತಕ ಅಚ್ಚು ಹಾಕುತ್ತಿರುವ ನಾನು.