ಗೆಳೆಯರೆಲ್ಲ ಒಪ್ಪೋ ಹೋಟೆಲ್ ಹುಡುಕೋ ಎಐ ಆ್ಯಪ್: ಒಳಗಡೆ ಏನಿರಬೇಕು?

[ಪರದೆ: ಒಂದು ವಾಟ್ಸಾಪ್ ಗ್ರೂಪ್. "ಶನಿವಾರ ರಾತ್ರಿ ಊಟ ಎಲ್ಲಿ?" ಅದರ ಕೆಳಗೆ ಸಾಲು ಸಾಲು ಉತ್ತರ]

ನಮಸ್ಕಾರ. ಬೆಂಗಳೂರಿನ ನಾಲ್ಕು ಜನ ಗೆಳೆಯರನ್ನ ತಗೊಳ್ಳೋಣ. ವೈಟ್‌ಫೀಲ್ಡ್, ಕೆಂಗೇರಿ, ಜಯನಗರ, ಯಶವಂತಪುರ, ಹೀಗೆ ದಿಕ್ಕಿಗೊಬ್ಬರು. ಒಬ್ಬನಿಗೆ ದೊನ್ನೆ ಬಿರಿಯಾನಿ ಬೇಕು. ಇನ್ನೊಬ್ಬ "ನಾನು ಶನಿವಾರ ತಿನ್ನಲ್ಲ ಮಗಾ" ಅಂತಾನೆ. ಮೂರನೆಯವಳು ಈರುಳ್ಳಿ, ಬೆಳ್ಳುಳ್ಳಿ ಮುಟ್ಟಲ್ಲ. ನಾಲ್ಕನೆಯವಳದ್ದು "ಎಲ್ಲಾದ್ರೂ ಓಕೆ". ಇವರಿಗೊಂದು ಜಾಗ ಹುಡುಕಿಕೊಡೋ ಆ್ಯಪ್ ಕಟ್ಟೋದು ಹೇಗೆ ಅಂತ ಇವತ್ತು ನೋಡೋಣ.

ನನ್ನ ನಿಲುವನ್ನ ಮೊದಲೇ ಹೇಳ್ತೀನಿ. ಇಲ್ಲಿ ಎಐ ಮಾಡಬೇಕಾದ ಕೆಲಸ ಎಲ್ಲರ ಮಾತು ಕೇಳಿಸಿಕೊಳ್ಳೋದು. ಹೋಟೆಲ್ ಆರಿಸೋದನ್ನ ಅದರ ಕೈಗೆ ಕೊಡಬಾರದು.

[ಪರದೆ: ಗಾಂಧಿ ಬಜಾರ್, ವಿದ್ಯಾರ್ಥಿ ಭವನದ ಮುಂಭಾಗ]

ಯಾಕೆ ಅಂತೀರಾ? "ಶುಕ್ರವಾರ ಸಂಜೆ ಬಸವನಗುಡಿ ಕಡೆ ಒಳ್ಳೆ ದೋಸೆ ಎಲ್ಲಿ ಸಿಗುತ್ತೆ?" ಅಂತ ಬರೀ ಭಾಷಾ ಮಾದರಿಯನ್ನ, ಅಂದ್ರೆ ಚಾಟ್‌ಜಿಪಿಟಿ ಥರದ ಎಐ ಹಿಂದಿರೋ ಪ್ರೋಗ್ರಾಂನ, ಕೇಳಿ. ಅದು ವಿದ್ಯಾರ್ಥಿ ಭವನದ ಹೆಸರು ಹೇಳೋ ಸಾಧ್ಯತೆ ಬಹಳ. 1943ರಿಂದ ಇರೋ ಹೋಟೆಲ್, ಅದರ ಬಗ್ಗೆ ಜನ ಬರೆದಿರೋದಕ್ಕೆ ಲೆಕ್ಕ ಇಲ್ಲ. ಆದರೆ ಶುಕ್ರವಾರ ಅಲ್ಲಿ ರಜೆ. ಮಾದರಿ ತಾನು ಓದಿದ ಬರಹದಲ್ಲಿ ಯಾವುದರ ಮಾತು ಹೆಚ್ಚು ಬಂದಿದೆಯೋ ಅದನ್ನೇ ಹೇಳುತ್ತೆ. ಇವತ್ತು ಬಾಗಿಲು ತೆಗೆದಿದೆಯಾ ಅನ್ನೋದು ಅದಕ್ಕೆ ತಾನಾಗೇ ಗೊತ್ತಾಗಲ್ಲ. ಕೆಲವೊಮ್ಮೆ ಇಲ್ಲದ ಹೋಟೆಲನ್ನೂ ವಿಳಾಸ ಸಮೇತ ಹುಟ್ಟಿಸಿಬಿಡುತ್ತೆ.

ಹಾಗಾಗಿ ಹೋಟೆಲ್‌ಗಳ ಪಟ್ಟಿ ಹೊರಗಿನಿಂದಲೇ ಬರಬೇಕು. ಒಂದು ದಾರಿ ಗೂಗಲ್‌ನ ಪ್ಲೇಸಸ್ ಎಪಿಐ, ಅಂದ್ರೆ ಜಾಗಗಳ ಮಾಹಿತಿಯನ್ನ ನಮ್ಮ ಆ್ಯಪ್ ನೇರವಾಗಿ ಗೂಗಲ್‌ನಿಂದ ಕೇಳಿ ಪಡೆಯೋ ವ್ಯವಸ್ಥೆ. ತೆರೆದಿರೋ ಸಮಯ, ರೇಟಿಂಗ್, ಫೋಟೋ ಎಲ್ಲ ಸಿಗುತ್ತೆ, ಬಳಕೆ ಹೆಚ್ಚಾದ ಹಾಗೆ ದುಡ್ಡು ಕಟ್ಟಬೇಕು. ಅಲ್ಲಿಂದ ಬಂದ ಮಾಹಿತಿಯನ್ನೆಲ್ಲ ನಿಮ್ಮ ಡೇಟಾಬೇಸ್‌ನಲ್ಲಿ ತುಂಬಿಕೊಳ್ಳೋಕೆ ಅವರ ನಿಯಮ ಬಿಡಲ್ಲ. ಶಾಶ್ವತವಾಗಿ ಇಟ್ಕೊಳ್ಳಬಹುದಾದದ್ದು ಆ ಜಾಗದ ಗುರುತಿನ ಸಂಕೇತ, ಪ್ಲೇಸ್ ಐಡಿ. ಇನ್ನೊಂದು ದಾರಿ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್. ಸ್ವಯಂಸೇವಕರು ಕಟ್ಟಿದ್ದು, ಡೇಟಾ ಯಾರು ಬೇಕಾದ್ರೂ ಬಳಸಬಹುದು, ಆಕರ ಅಂತ ಅವರ ಹೆಸರು ಹಾಕಬೇಕು. ರೇಟಿಂಗ್ ಇಲ್ಲ, ಎಷ್ಟೋ ಹೋಟೆಲ್‌ಗೆ ಸಮಯವೂ ನಮೂದಾಗಿಲ್ಲ. ಆದರೆ ನಿಮ್ಮ ಬೀದಿಯ ದರ್ಶಿನಿಯನ್ನ ನೀವೇ ಸೇರಿಸಬಹುದು, ಕನ್ನಡದಲ್ಲೇ ಹೆಸರು ಬರೆಯಬಹುದು. ನನಗೆ ಇದು ತುಂಬಾ ಇಷ್ಟ.

[ಪರದೆ: "ನಾನು ಶನಿವಾರ ತಿನ್ನಲ್ಲ ಮಗಾ" ಅನ್ನೋ ಮೆಸೇಜ್ ದೊಡ್ಡದಾಗಿ]

ಎಐ ನಿಜವಾಗಿ ಬೇಕಾಗೋದು ಇಲ್ಲಿ. ಈ ಮಾತು ಕೇಳಿದ ತಕ್ಷಣ ನಮಗೆ ಗೊತ್ತಾಗುತ್ತೆ, ಅವನು ಬರ್ತಾನೆ, ಊಟಾನೂ ಮಾಡ್ತಾನೆ, ನಾನ್‌ವೆಜ್ ಮಾತ್ರ ಬೇಡ. ಮಾಂಸ ಅನ್ನೋ ಪದವೇ ಆ ವಾಕ್ಯದಲ್ಲಿಲ್ಲ. ಪದ ಹುಡುಕೋ ಹಳೇ ಪ್ರೋಗ್ರಾಂ ಇಲ್ಲಿ ಸೋಲುತ್ತೆ. ಒಳ್ಳೆ ಭಾಷಾ ಮಾದರಿಗೆ ಆ ಸಂದರ್ಭ ವಿವರಿಸಿದರೆ ಅರ್ಥ ಮಾಡ್ಕೊಳ್ಳುತ್ತೆ. ಅನುಮಾನ ಇದ್ದರೆ ಊಹಿಸದೆ, "ನಾನ್‌ವೆಜ್ ಮಾತ್ರ ಬೇಡವಾ, ಇಲ್ಲ ಉಪವಾಸಾನಾ?" ಅಂತ ಅವನನ್ನೇ ಒಂದು ಪ್ರಶ್ನೆ ಕೇಳಬೇಕು.

ಮಾದರಿಯಿಂದ ನಮಗೆ ಬೇಕಾಗಿರೋದು ಉದ್ದುದ್ದ ಉತ್ತರ ಅಲ್ಲ, ತುಂಬಿದ ಒಂದು ಫಾರ್ಮ್. ಪ್ರತಿ ಗೆಳೆಯನಿಗೂ ಅದರಲ್ಲಿ ಎರಡು ಭಾಗ. ಬಗ್ಗದ ಷರತ್ತು ಒಂದು ಕಡೆ: ಸಸ್ಯಾಹಾರ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ, ಶೇಂಗಾ ಅಲರ್ಜಿ, ವ್ಹೀಲ್‌ಚೇರ್ ಹೋಗೋ ದಾರಿ. ಆಸೆ ಇನ್ನೊಂದು ಕಡೆ: ಬಿರಿಯಾನಿ ಇದ್ದರೆ ಚೆನ್ನ, ಗಲಾಟೆ ಕಡಿಮೆ ಇರಲಿ. ಆಸೆಗೆ ಅಂಕ ಕೊಡಬಹುದು. ಷರತ್ತನ್ನ ಅಂಕದ ಜೊತೆ ಬೆರೆಸಲೇಬಾರದು. ಅದನ್ನ ಸಾಮಾನ್ಯ ಕೋಡ್ ಪರೀಕ್ಷಿಸಬೇಕು, ಪಾಸ್ ಆಗದ ಹೋಟೆಲ್ ಪಟ್ಟಿಯಿಂದಲೇ ಹೊರಗೆ.

ಇಲ್ಲೊಂದು ಸೂಕ್ಷ್ಮ ಇದೆ. ಈರುಳ್ಳಿ ಹಾಕದೆ ಮಾಡಿಕೊಡ್ತಾರಾ ಅನ್ನೋದು ಬಹಳಷ್ಟು ಹೋಟೆಲ್‌ಗಳ ಡೇಟಾದಲ್ಲಿ ಇರೋದೇ ಇಲ್ಲ. ಹಾಗಾಗಿ ಹೌದು, ಇಲ್ಲ ಎರಡೇ ಸಾಲದು, "ಗೊತ್ತಿಲ್ಲ" ಅನ್ನೋ ಮೂರನೇ ಉತ್ತರವೂ ಬೇಕು. ಆಗ ಆ್ಯಪ್ "ಫೋನ್ ಮಾಡಿ ಕೇಳಿಕೊಳ್ಳಿ" ಅಂತ ಹೋಟೆಲ್ ನಂಬರ್ ತೋರಿಸಲಿ. ಅಲರ್ಜಿ ವಿಷಯದಲ್ಲಂತೂ ಡೇಟಾ "ಹೌದು" ಅಂದ್ರೂ ಕೇಳಲೇಬೇಕು.

[ಪರದೆ: ಎರಡು ಹೋಟೆಲ್, ನಾಲ್ಕು ಅಂಕಗಳ ಪಟ್ಟಿ]

ಷರತ್ತು ದಾಟಿ ಉಳಿದ ಹೋಟೆಲ್‌ಗಳಲ್ಲಿ ಯಾವುದು? ಮೊದಲನೇ ಹೋಟೆಲ್‌ಗೆ ನಾಲ್ವರ ಅಂಕ 9, 9, 9, 2. ಎರಡನೆಯದಕ್ಕೆ 7, 7, 6, 6. ಸರಾಸರಿ ತೆಗೆದರೆ ಮೊದಲನೆಯದಕ್ಕೆ 7.25, ಎರಡನೆಯದಕ್ಕೆ 6.5. ಮೊದಲನೆಯದೇ ಗೆಲ್ಲುತ್ತೆ, 2 ಕೊಟ್ಟವರು ಮುಖ ಸಣ್ಣದು ಮಾಡ್ಕೊಂಡು ಕೂರ್ತಾರೆ. ಇದರ ಬದಲು ಪ್ರತಿ ಹೋಟೆಲ್‌ನ ಅತಿ ಕಡಿಮೆ ಅಂಕ ನೋಡಿ: 2, 6. ಈಗ ಎರಡನೆಯದು ಗೆದ್ದಿತು. 2001ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು ಪಾಲಿಲೆನ್ಸ್ ಅನ್ನೋ ವ್ಯವಸ್ಥೆಯಲ್ಲಿ, ಗುಂಪಾಗಿ ಸಿನಿಮಾ ನೋಡೋರಿಗೆ ಇದೇ ವಿಧಾನ ಬಳಸಿದ್ದರು. ಸಣ್ಣ ಗುಂಪಿಗೆ ಇದು ಚೆನ್ನಾಗಿ ಒಗ್ಗುತ್ತೆ. ಇಪ್ಪತ್ತು ಜನರ ಆಫೀಸ್ ಪಾರ್ಟಿಗೆ ಒಗ್ಗಲ್ಲ, ಒಬ್ಬರ ತಕರಾರಿಗೆ ಎಲ್ಲವೂ ಬಿದ್ದುಹೋಗುತ್ತೆ. ಎಲ್ಲ ರೀತಿಯಲ್ಲೂ ನ್ಯಾಯವಾದ ಲೆಕ್ಕ ಇದೆಯಾ ಅಂತ ಹುಡುಕೋಕೆ ಹೋಗಬೇಡಿ. ಮೂರು ಅಥವಾ ಹೆಚ್ಚು ಆಯ್ಕೆಗಳನ್ನ ಜನ ಕ್ರಮವಾಗಿ ಜೋಡಿಸಿ ಮತ ಹಾಕೋವಾಗ ನ್ಯಾಯದ ಕೆಲವು ಮೂಲ ನಿಯಮಗಳನ್ನೆಲ್ಲ ಒಟ್ಟಿಗೆ ಪಾಲಿಸೋ ಪದ್ಧತಿ ಇಲ್ಲ ಅಂತ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲೇ ತೋರಿಸಿದ್ದಾರೆ. ಯಾರ ಇಷ್ಟಕ್ಕೆ ಹೆಚ್ಚು ಮನ್ನಣೆ ಕೊಡಬೇಕು ಅಂತ ಆ್ಯಪ್ ಕಟ್ಟೋರು ನಿರ್ಧರಿಸಿ, ಬಳಸೋರಿಗೆ ಅದನ್ನ ಬಾಯ್ಬಿಟ್ಟು ಹೇಳಬೇಕು.

ದೂರಕ್ಕೂ ಇದೇ ಲೆಕ್ಕ. ಮ್ಯಾಪ್ ಮೇಲೆ ನಾಲ್ಕು ಚುಕ್ಕಿ ಇಟ್ಟು ನಟ್ಟನಡುವೆ ಗುರುತು ಹಾಕೋದು ಬೆಂಗಳೂರಿನಲ್ಲಿ ಉಪಯೋಗಕ್ಕೆ ಬರಲ್ಲ. ವೈಟ್‌ಫೀಲ್ಡ್, ಕೆಂಗೇರಿ ಎರಡೂ ಮೆಟ್ರೋದ ನೇರಳೆ ಮಾರ್ಗದಲ್ಲಿವೆ, ಇಬ್ಬರೂ ರೈಲು ಬದಲಿಸದೆ ಎಂ.ಜಿ. ರಸ್ತೆಗೆ ಬರ್ತಾರೆ. ಜಯನಗರ, ಯಶವಂತಪುರದವರು ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. ಆದ್ದರಿಂದ ಕಿಲೋಮೀಟರ್ ಬಿಟ್ಟು ಪ್ರಯಾಣದ ಸಮಯ ತಗೊಳ್ಳಿ. ಪ್ರತಿ ಹೋಟೆಲ್‌ಗೂ ನಾಲ್ವರ ಸಮಯ ಹಾಕಿ, ಅತಿ ಹೆಚ್ಚು ಹೊತ್ತು ಹಿಡಿಯೋ ಒಬ್ಬರ ಪ್ರಯಾಣ ಯಾವ ಹೋಟೆಲ್‌ಗೆ ಕಡಿಮೆಯಾಗುತ್ತೋ ಅದಕ್ಕೆ ಮನ್ನಣೆ. ರಾತ್ರಿ ವಾಪಸ್ ಹೋಗೋದನ್ನೂ ಸೇರಿಸಿ, ಕೊನೇ ಮೆಟ್ರೋ ತಪ್ಪಬಾರದು.

[ಪರದೆ: ಒಬ್ಬರ ಮೊಬೈಲ್‌ನಲ್ಲಿ ಖಾಸಗಿ ಪ್ರಶ್ನೆ: "ನಿಮ್ಮ ಬಜೆಟ್ ಎಷ್ಟು?"]

ದುಡ್ಡಿನ ವಿಷಯ ನನಗೆ ಬಹಳ ಮುಖ್ಯ ಅನ್ಸುತ್ತೆ. "ನನ್ನ ಕೈಲಿ 300 ರೂಪಾಯಿ ಅಷ್ಟೇ ಇದೆ" ಅಂತ ಗ್ರೂಪ್‌ನಲ್ಲಿ ಎಲ್ಲರ ಮುಂದೆ ಬರೆಯೋರು ಕಡಿಮೆ. ಸುಮ್ಮನೆ "ಆ ದಿನ ಕೆಲಸ ಇದೆ" ಅಂದುಬಿಡ್ತಾರೆ. ಬಜೆಟ್ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ. ಕೊನೆಗೆ "ಈ ಹೋಟೆಲ್ ಯಾಕೆ" ಅಂತ ಮಾದರಿ ಎರಡು ಸಾಲು ಬರೆಯುತ್ತಲ್ಲ, ಅಲ್ಲಿ ಯಾರ ಬಜೆಟ್ಟೂ, ಆರೋಗ್ಯದ ವಿಷಯವೂ ಹೊರಬೀಳಬಾರದು. "ಹೇಳಬೇಡ" ಅಂತ ಮಾದರಿಗೆ ಸೂಚನೆ ಕೊಟ್ಟರೆ ಸಾಲದು, ಆ ಹಂತದಲ್ಲಿ ಆ ಮಾಹಿತಿಯನ್ನ ಅದಕ್ಕೆ ಕಳಿಸಲೇಬೇಡಿ. ಮನೆ ಎಲ್ಲಿ ಅನ್ನೋದೂ ಹಾಗೇ, ಬಡಾವಣೆ ಹೆಸರು ಸಾಕು. ವೈಯಕ್ತಿಕ ಡೇಟಾಗೆ ನಮ್ಮಲ್ಲಿ 2023ರ ಕಾಯ್ದೆಯೇ ಇದೆ. ಒಪ್ಪಿಗೆ ಕೇಳಿ, ಕೆಲಸ ಮುಗಿದ ಮೇಲೆ ಅಳಿಸಿ.

ನಾಲ್ವರೂ ಆ್ಯಪ್ ಇನ್‌ಸ್ಟಾಲ್ ಮಾಡ್ಲಿ ಅಂತ ಕಾಯಬೇಡಿ, ಬ್ರೌಸರ್‌ನಲ್ಲಿ ತೆರೆಯೋ ಒಂದು ಲಿಂಕ್ ಸಾಕು. ಕೊನೆಗೆ ಮೂರೇ ಮೂರು ಹೋಟೆಲ್ ತೋರಿಸಿ, ಮತ ಹಾಕೋದು ಗೆಳೆಯರಿಗೆ ಬಿಡಿ.

ಜನರಿಗೆ ಕೊಡೋ ಮೊದಲು ನಿಮ್ಮ ಗೆಳೆಯರ ಒಪ್ಪಿಗೆ ತಗೊಂಡು, ಗ್ರೂಪ್‌ನ ಹಳೇ ಮೆಸೇಜ್‌ಗಳನ್ನ ಮಾದರಿಗೆ ಕೊಟ್ಟು ನೋಡಿ. ಅದು ತುಂಬಿದ ಫಾರ್ಮ್ ಸರಿ ಇದೆಯಾ ಅಂತ ಆ ಮೆಸೇಜ್ ಬರೆದವರೇ ಹೇಳಲಿ. ಆಸೆ ತಪ್ಪಾಗಿದ್ದರೆ ಆಮೇಲೆ ತಿದ್ದಬಹುದು. ಬಗ್ಗದ ಷರತ್ತು ಒಂದೇ ಒಂದು ಕೈತಪ್ಪಿದ್ದರೂ ಬಿಡುಗಡೆ ನಿಲ್ಲಿಸಿ. ಆ ಫಾರ್ಮ್‌ನ ಕೋಡ್ ಮುಂದಿನ ವಿಡಿಯೋದಲ್ಲಿ ಒಟ್ಟಿಗೆ ಬರೆಯೋಣ.