ಬಿನ್, ಫ್ಲ್ಯಾಗ್, ಮಾರ್ಕರ್: ಯಾವುದು ಯಾವುದಕ್ಕೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಮೊದಲ ಕಟ್ ಹಾಕುವುದಕ್ಕಿಂತ ಮುಂಚಿನ ಕೆಲಸದ ಬಗ್ಗೆ. ಒಂದು ಮದುವೆಯನ್ನೇ ಇಟ್ಟುಕೊಳ್ಳೋಣ: ಎರಡು ಸೋನಿ ಕ್ಯಾಮೆರಾ, ಮಂಟಪದ ಕಂಬಕ್ಕೆ ಕಟ್ಟಿದ ಒಂದು ಗೋಪ್ರೋ. ಎಡಿಟ್ ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ.

ಮೊದಲು ಕಾರ್ಡ್. ಸೋನಿ ಕಾರ್ಡಿನಿಂದ ಎಂಪಿ4 ಫೈಲುಗಳನ್ನಷ್ಟೇ ಹೆಕ್ಕಿಕೊಳ್ಳಬೇಡಿ. ಜೊತೆಗಿರುವ ಎಕ್ಸ್‌ಎಂಎಲ್ ಫೈಲಿನಲ್ಲಿ ಚಿತ್ರೀಕರಣದ ಮಾಹಿತಿ ಇರುತ್ತದೆ. ಕಾರ್ಡನ್ನು ಇಡಿಯಾಗಿ, ಒಂದೊಂದಕ್ಕೂ ಬೇರೆ ಫೋಲ್ಡರ್ ಮಾಡಿ ಕಾಪಿ ಮಾಡಿ. ಎರಡು ಕ್ಯಾಮೆರಾದಲ್ಲೂ ಸಿ0001 ಎಂಬ ಫೈಲ್ ಇರಬಹುದು. ಒಂದೇ ಕಡೆ ಸುರಿದು, ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ‘ರಿಪ್ಲೇಸ್’ ಒತ್ತಿದರೆ ಮುಹೂರ್ತವೇ ಮಾಯ.

ಗೋಪ್ರೋದ ತಕರಾರು ಬೇರೆ. ಉದ್ದದ ರೆಕಾರ್ಡಿಂಗನ್ನು ಅದು ತುಂಡು ತುಂಡಾಗಿ ಉಳಿಸುತ್ತದೆ. ಜಿಎಕ್ಸ್010034ರ ಮುಂದಿನ ತುಂಡು ಜಿಎಕ್ಸ್010035 ಅಲ್ಲ, ಜಿಎಕ್ಸ್020034. ಮೊದಲ ಎರಡು ಅಂಕಿ ತುಂಡಿನದು, ಉಳಿದ ನಾಲ್ಕು ರೆಕಾರ್ಡಿಂಗಿನದು. ಹೆಸರಿನ ಪ್ರಕಾರ ಜೋಡಿಸಿದರೆ ಧಾರೆಯ ಎರಡನೇ ಭಾಗ ಆರತಕ್ಷತೆಯ ಆಚೆ ಹೋಗಿ ಕೂತಿರುತ್ತದೆ. ಹಾಗಾಗಿ ಸಮಯದ ಪ್ರಕಾರ ಜೋಡಿಸಿ. ಅದಕ್ಕೆ ಮೂರೂ ಕ್ಯಾಮೆರಾದ ಗಡಿಯಾರ ಬೆಳಿಗ್ಗೆಯೇ ಒಂದಾಗಿರಬೇಕು, ಅದು ಮರೆತರೆ ಈ ಉಪಾಯವೂ ಕೈಕೊಡುತ್ತದೆ.

ಹೆಸರು ಬದಲಿಸುವುದಿದ್ದರೆ ರಿಸಾಲ್ವ್ ಒಳಗೆ ಕ್ಲಿಪ್ ನೇಮ್ ಬದಲಿಸಿ. ಹಾರ್ಡ್ ಡಿಸ್ಕಿನಲ್ಲಿ ಫೈಲಿನ ಹೆಸರನ್ನೇ ತಿದ್ದಿದರೆ ‘ಮೀಡಿಯಾ ಆಫ್‌ಲೈನ್’ ಎಂಬ ಕೆಂಪು ಪರದೆ ಎದುರಾಗುತ್ತದೆ.

ಬಿನ್‌ಗಳನ್ನು, ಅಂದರೆ ರಿಸಾಲ್ವ್ ಒಳಗೆ ಕ್ಲಿಪ್‌ಗಳನ್ನಿಡುವ ಫೋಲ್ಡರ್‌ಗಳನ್ನು, ಶಾಸ್ತ್ರದ ಪ್ರಕಾರ ಮಾಡಿ: ಅರಿಶಿನ, ಕಾಶಿಯಾತ್ರೆ, ಧಾರೆ, ಸಪ್ತಪದಿ, ಆರತಕ್ಷತೆ. ಕ್ಯಾಮೆರಾ ಪ್ರಕಾರ ನೋಡಬೇಕೆಂದರೆ ಸ್ಮಾರ್ಟ್ ಬಿನ್ ಇದೆ. ನೀವು ಕೊಟ್ಟ ಷರತ್ತಿಗೆ ಹೊಂದುವ ಕ್ಲಿಪ್‌ಗಳನ್ನು ಅದೇ ಒಟ್ಟುಮಾಡುತ್ತದೆ. ‘ಆಲ್’ ಎಂದಿಟ್ಟರೆ ಎಲ್ಲ ಷರತ್ತೂ ಕೂಡಬೇಕು, ‘ಎನಿ’ ಎಂದರೆ ಒಂದು ಕೂಡಿದರೂ ಸಾಕು. ಸ್ಮಾರ್ಟ್ ಬಿನ್ ಖಾಲಿ ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ. ಎರಡನೆಯದು ಕೀವರ್ಡ್‌ನ, ಅಂದರೆ ಹುಡುಕಲೆಂದು ಕ್ಲಿಪ್‌ಗೆ ಬರೆದಿಟ್ಟ ಪದದ, ಕಾಗುಣಿತ. ಒಬ್ಬರು ‘ಧಾರೆ’ ಎಂದೂ ಇನ್ನೊಬ್ಬರು ‘ದಾರೆ’ ಎಂದೂ ಬರೆದರೆ ಸಾಫ್ಟ್‌ವೇರಿಗೆ ಅವೆರಡು ಬೇರೆ ಪದ. ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲೇ ಬರೆಯಿರಿ. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ.

ಈಗ ಹೆಚ್ಚು ಗೊಂದಲವಾಗುವ ಜಾಗ. ಫ್ಲ್ಯಾಗ್ ಎಂಬ ಬಣ್ಣದ ಬಾವುಟ ಇಡೀ ಕ್ಲಿಪ್ ಬಗೆಗಿನ ತೀರ್ಪು. ಒಮ್ಮೆ ಹಾಕಿದರೆ ಆ ಕ್ಲಿಪ್ ಟೈಮ್‌ಲೈನಿನಲ್ಲಿ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಜಾಗದಲ್ಲಿ) ಎಷ್ಟು ಕಡೆ ಇದ್ದರೂ ಅಷ್ಟೂ ಕಡೆ ಕಾಣುತ್ತದೆ. ಮಾರ್ಕರ್ ಹಾಗಲ್ಲ, ಅದು ಒಂದು ಕ್ಷಣಕ್ಕೆ ಅಂಟಿದ ಚೀಟಿ. ಸೋರ್ಸ್ ವ್ಯೂವರ್‌ನಲ್ಲಿ, ಅಂದರೆ ಮೂಲ ಕ್ಲಿಪ್ ನೋಡುವ ಕಿಟಕಿಯಲ್ಲಿ, ಎಂ ಕೀ ಒತ್ತಿ ಹಾಕಿದ ಮಾರ್ಕರ್, ಆ ಕ್ಲಿಪ್ಪನ್ನು ಟೈಮ್‌ಲೈನಿಗೆ ತಂದಾಗ ಜೊತೆಗೇ ಬರುತ್ತದೆ. ಆದರೆ ಮೊದಲೇ ತಂದಿಟ್ಟ ತುಂಡಿನ ಮೇಲೆ ಮೂಡುವುದಿಲ್ಲ. ಆದ್ದರಿಂದ ಫುಟೇಜ್ ನೋಡುವಾಗಲೇ ಗುರುತು ಹಾಕಿ ಮುಗಿಸಿ. ಟೈಮ್‌ಲೈನಿನಲ್ಲಿ ಎಂ ಒತ್ತುವಾಗ ಕ್ಲಿಪ್ ಆಯ್ಕೆಯಾಗಿದ್ದರೆ ಮಾರ್ಕರ್ ಕ್ಲಿಪ್ ಮೇಲೆ, ಇಲ್ಲದಿದ್ದರೆ ಮೇಲಿನ ರೂಲರ್ (ಸಮಯದ ಅಳತೆಪಟ್ಟಿ) ಮೇಲೆ ಕೂರುತ್ತದೆ. ರೂಲರ್ ಮೇಲಿನ ಮಾರ್ಕರ್ ಕ್ಲಿಪ್ ಸರಿದ ಮಾತ್ರಕ್ಕೆ ಸರಿಯುವುದಿಲ್ಲ. ಮಧ್ಯೆ ಹತ್ತು ಸೆಕೆಂಡ್ ತೆಗೆದಾಗ ಅವೂ ಹಿಂದಕ್ಕೆ ಬರಬೇಕಾದರೆ ಟೈಮ್‌ಲೈನ್ ಮೆನುವಿನಲ್ಲಿ ‘ರಿಪಲ್ ಟೈಮ್‌ಲೈನ್ ಮಾರ್ಕರ್ಸ್’ ಆನ್ ಆಗಿರಬೇಕು.

ಮಾರ್ಕರ್‌ಗೆ 16 ಬಣ್ಣಗಳಿವೆ. ನಾಲ್ಕು ಸಾಕು, ಅದಕ್ಕಿಂತ ಹೆಚ್ಚಾದರೆ ಯಾವ ಬಣ್ಣ ಏನೆಂದು ವಾರ ಕಳೆದ ಮೇಲೆ ಹಾಕಿದವರಿಗೇ ನೆನಪಿರದು. ಹಸಿರು ಬಳಸಲೇಬೇಕಾದ ದೃಶ್ಯಕ್ಕೆ, ಹಳದಿ ಧ್ವನಿಯ ತೊಂದರೆಗೆ, ನೀಲಿ ಹಾಡು ಸೇರಿಸುವ ಜಾಗಕ್ಕೆ, ಕೆಂಪು ತಿದ್ದಬೇಕಾದ್ದಕ್ಕೆ. ಎಂ ಎರಡು ಸಲ ಒತ್ತಿದರೆ ಟಿಪ್ಪಣಿಯ ಕಿಟಕಿ ತೆರೆಯುತ್ತದೆ. ಅಲ್ಲಿ ‘ಚೆನ್ನಾಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಅಜ್ಜಿ ಕಣ್ಣೊರೆಸಿಕೊಳ್ಳುತ್ತಾರೆ, ಓಲಗ ಜೋರು’ ಎಂದು ಬರೆಯಿರಿ.

ಮನೆಯವರು ತಿದ್ದುಪಡಿ ಹೇಳಿದಾಗ ಅವನ್ನೆಲ್ಲ ರೂಲರ್ ಮೇಲೆ ಕೆಂಪು ಮಾರ್ಕರ್ ಆಗಿ ಹಾಕಿಕೊಳ್ಳಿ. ಟೈಮ್‌ಲೈನಿನಲ್ಲಿರುವುದನ್ನು ಪಟ್ಟಿಮಾಡುವ ಎಡಿಟ್ ಇಂಡೆಕ್ಸ್‌ನಲ್ಲಿ ಮಾರ್ಕರ್‌ಗಳನ್ನಷ್ಟೇ ತೋರಿಸುವಂತೆ ಮಾಡಿದರೆ ಅದೇ ಕೆಲಸದ ಪಟ್ಟಿ. ಒಂದೊಂದು ಮುಗಿದಂತೆ ಆ ಮಾರ್ಕರ್ ಅಳಿಸಿ. ಕೆಂಪು ಇನ್ನೂ ಉಳಿದಿದ್ದರೆ ರೆಂಡರ್‌ಗೆ (ಕೊನೆಯ ವಿಡಿಯೊ ಫೈಲ್ ತಯಾರಿಗೆ) ಹಾಕಬೇಡಿ.